ಚಾಮರಾಜಪೇಟೆಯ ಒಂದು ಮುಚ್ಚಳ

ಬಸವನಗುಡಿಯಿಂದ ಚಾಮರಾಜಪೇಟೆಗೆ ಹೋದುದನ್ನು ಪ್ರವಾಸವೆಂದು ಬರೆದರೆ ವಾಚಕರು ನಕ್ಕಾರು. ಗಾಂಧಿಬಜಾರಿನಲ್ಲಿ ಕಾಫಿ ಕುಡಿದು ಹೊರಟವನು ನಾಲಿಗೆಯ ರುಚಿ ಆರುವುದರೊಳಗೆ ಅಲ್ಲಿರುತ್ತಾನೆ. ನಾನಂತೂ ವಿದ್ಯಾರ್ಥಿದೆಸೆಯಿಂದಲೂ ಸಾಹಿತ್ಯ ಪರಿಷತ್ತಿಗೆಂದು ಆ ದಾರಿಯನ್ನು ಸವೆಸಿದವನು. ಆದರೆ 1892ರಲ್ಲಿ ನೂಲು ಹಿಡಿದು ಎಳೆದಂತೆ ರಚಿಸಿದ ಆ ಬಡಾವಣೆಯ ಅಡ್ಡರಸ್ತೆಯೊಂದರಲ್ಲಿ ಇನ್ನೊಂದು ಪಾಠಶಾಲೆಯಿದೆಯೆಂಬುದು ಈ ಬೇಸಗೆಯ ರಜೆಯವರೆಗೂ ನನಗೆ ತಿಳಿದಿರಲಿಲ್ಲ.

ನಮ್ಮ ಮನೆಯ ಅಂಬಾಸಿಡರ್ ಕಾರು 1972ರದು, ತಾತನವರು ಕೊಂಡದ್ದು. ತಂದೆಯವರ ಮದುವೆಯ ದಿಬ್ಬಣ ಹೊರಟದ್ದು ಅದರಲ್ಲಿ. ವಾಣಿವಿಲಾಸ ಆಸ್ಪತ್ರೆಯಲ್ಲಿ ಹುಟ್ಟಿದ ನಾನು ಮನೆಗೆ ಬಂದದ್ದೂ ಅದರಲ್ಲೇ. ಉತ್ತರಪಾಡಾದ ಕಾರ್ಖಾನೆ 2014ರಲ್ಲಿ ಈ ಕಾರನ್ನು ತಯಾರಿಸುವುದನ್ನೇ ನಿಲ್ಲಿಸಿದರೂ ನಮ್ಮದು ನಿಂತಿರಲಿಲ್ಲ. ಈಚೆಗೆ ಮಾತ್ರ ಎಂಜಿನ್ ಬಿಸಿಯಾದೊಡನೆ ಎಣ್ಣೆಯ ಒತ್ತಡವನ್ನು ತೋರಿಸುವ ಮುಳ್ಳು ಸೊನ್ನೆಗೆ ಒರಗತೊಡಗಿತು. ಗುಜರಿಯವನೊಬ್ಬ ಬಂದು ಬೆಲೆ ಹೇಳಿಹೋದ. “ಕೊಟ್ಟುಬಿಡು ಮಗು, ಎಷ್ಟು ದಿನ ಅಂತ ಇಟ್ಕೊಳ್ಳೋದು” ಎಂದ ತಂದೆಯವರು ಆ ರಾತ್ರಿ ಊಟದ ಎಲೆಯ ಮುಂದೆ ಸುಮ್ಮನೆ ಕುಳಿತಿದ್ದು ಎದ್ದರು. ಮರುದಿನವೇ ನಾನು ಕಾರನ್ನು ಚಾಮರಾಜಪೇಟೆಗೆ ಎಳೆಸಿಕೊಂಡು ಹೋದೆ.

ಅಲ್ಲಿಯ ಮಿಸ್ತ್ರಿ ಎಪ್ಪತ್ತರ ಸಾಹೇಬರು. ಎಂಜಿನ್ನನ್ನು ಸರಪಳಿಯಿಂದ ಎತ್ತಿ ಹಲಗೆಯ ಮೇಲಿಟ್ಟು, ತಳದ ಎಣ್ಣೆಬಾನಿಯನ್ನು ಕಳಚಿ, ಮುಷ್ಟಿಗಾತ್ರದ ಪಂಪೊಂದನ್ನು ಹೊರತೆಗೆದರು. “ಎಣ್ಣೆ ಬೇಕಾದಷ್ಟದೆ ಮೇಷ್ಟ್ರೇ, ಮೇಲಕ್ಕೆ ಹೋಗ್ತಿಲ್ಲ” ಎಂದು ಮುಚ್ಚಳ ಬಿಚ್ಚಿ ತೋರಿಸಿದರು. ಐದು ಗುಳಿಗಳ ಒಂದು ಬಳೆ, ಅದರೊಳಗೆ ನಾಲ್ಕು ಮೂಲೆಯ ಒಂದು ತಿರುಗಣೆ. ಎರಡೂ ಕೂಡಿ ತಿರುಗುವಾಗ ನಡುವಿನ ಸಂದು ಒಂದು ಕಡೆ ಹಿಗ್ಗಿ ಎಣ್ಣೆಯನ್ನು ಹೀರುತ್ತದೆ, ಇನ್ನೊಂದು ಕಡೆ ಕುಗ್ಗಿ ಅದನ್ನು ಮೇಲಕ್ಕೆ ನೂಕುತ್ತದೆ. ಇವುಗಳಿಗೂ ಮುಚ್ಚಳಕ್ಕೂ ನಡುವೆ ಇರಬಹುದಾದ ಸಡಿಲ, ಒಂದು ಅಂಗುಲವನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಐದು ಪಾಲು. ಅದಕ್ಕೆ ಮೀರಿದರೆ ನೂಕಿದ ಎಣ್ಣೆ ಅಲ್ಲಿಯೇ ಹಿಂದಕ್ಕೆ ನುಸುಳುತ್ತದೆ. ನಮ್ಮ ಮುಚ್ಚಳದ ಒಳಮುಖ ಅರ್ಧಚಂದ್ರಾಕಾರವಾಗಿ ಸವೆದು ಉಗುರಿಗೆ ಸಿಗುವಂತಿತ್ತು.

ಅಂದು ಶುಕ್ರವಾರ. ಸಾಹೇಬರು ನಮಾಜಿಗೆ ಹೋದಾಗ, ಅವರಿಗೆ ನೆರವಾಗಬೇಕೆಂಬ ದುರ್ಬುದ್ಧಿ ನನಗೆ ಹುಟ್ಟಿತು. ಚೀಲದಲ್ಲಿದ್ದ ಪರಿಷತ್ತಿನ ಆಹ್ವಾನಪತ್ರಿಕೆಯನ್ನು ಅಂದವಾಗಿ ಕತ್ತರಿಸಿ, ಪ್ಯಾಕಿಂಗ್ ಮಾಡಿ, ಮುಚ್ಚಳವನ್ನು ಬಿಗಿದಿಟ್ಟೆ. ಹಿಂತಿರುಗಿದ ಅವರು ಅದನ್ನು ಬಿಚ್ಚಿ, ಕಾಗದವನ್ನು ಬೆರಳ ನಡುವೆ ತಿಕ್ಕಿ ನೋಡಿ, “ಇದೊಂದೇ ಹತ್ತು ಸಾವಿರಾಂಶ ಐತೆ” ಎಂದರು. ಈ ಪಂಪಿನ ಮುಚ್ಚಳಕ್ಕೆ ಪ್ಯಾಕಿಂಗೇ ಇಲ್ಲವಂತೆ. ಲೋಹಕ್ಕೆ ಲೋಹವೇ ಕೂಡಬೇಕು. ಪ್ಯಾಕಿಂಗಿರುವುದು ಪಂಪಿಗೂ ಎಂಜಿನ್ನಿಗೂ ನಡುವೆ. ನನ್ನ ಕೈಚಳಕ ಹಾಗೆಯೇ ಉಳಿದಿದ್ದರೆ ಬೇರಿಂಗುಗಳು ಒಣಗಿ, ಕಾರು ನಿಜವಾಗಿಯೂ ಗುಜರಿಗೇ ಹೋಗುತ್ತಿತ್ತು!

ದಂಡವಾಗಿ ನಾನು ಉಜ್ಜುವ ಪೇಸ್ಟು ತರಲು ಜೆ.ಸಿ. ರಸ್ತೆಗೆ ಹೊರಟೆ. ಆಲೂರು ವೆಂಕಟರಾಯರ ಹೆಸರಿನ ರಸ್ತೆಯಲ್ಲಿ, 1791ರಲ್ಲಿ ಮುಗಿದ ಟಿಪ್ಪುವಿನ ಮರದ ಅರಮನೆಯನ್ನು ಬಳಸಿ, ಕಲಾಸಿಪಾಳ್ಯದ ನೂಕುನುಗ್ಗಲನ್ನು ಹಾಯ್ದೆ. ನಾಟಕಕ್ಕೆಂದು ರವೀಂದ್ರ ಕಲಾಕ್ಷೇತ್ರಕ್ಕೆ ಎಷ್ಟೋ ಸಲ ಹೋದ ನಾನು ಅದೇ ರಸ್ತೆಯ ಬಿಡಿಭಾಗದ ಅಂಗಡಿಗಳತ್ತ ಕಣ್ಣೆತ್ತಿಯೂ ನೋಡಿರಲಿಲ್ಲ. ಅಂಗಡಿಯ ಹುಡುಗ ಅಂಬಾಸಿಡರ್ ಎಂದೊಡನೆ ತಲೆಯಾಡಿಸಿದ. ಒಳಗಿದ್ದ ಮುದುಕರು ಮಾತ್ರ ಅಟ್ಟ ಹತ್ತಿ ಹೊಸ ಪಂಪೊಂದನ್ನೇ ಇಳಿಸಿದರು. ಕೊಳ್ಳುವ ಆಸೆಯಾಯಿತು. ಆದರೆ ಸಾಹೇಬರು ಪೇಸ್ಟು ಮಾತ್ರ ತರಹೇಳಿದ್ದರು.

ದಪ್ಪ ಗಾಜಿನ ಮೇಲೆ ಪೇಸ್ಟು ಸವರಿ ಮುಚ್ಚಳವನ್ನು ಎಂಟರ ಅಂಕಿ ಬರೆದಂತೆ ಆಡಿಸಬೇಕು. ಕನ್ನಡದ ಎಂಟಲ್ಲ, ಇಂಗ್ಲಿಷಿನದು. ಗಂಟೆಗಟ್ಟಲೆ ನಾನೇ ಆಡಿಸಿದೆ. ಚಂದ್ರ ಕರಗಿ ಮುಖವೆಲ್ಲ ಒಂದೇ ಬೂದಿಬಣ್ಣವಾದ ಮೇಲೆ ಸಾಹೇಬರು ಸೀಮೆಎಣ್ಣೆಯಲ್ಲಿ ಎರಡು ಬಾರಿ ತೊಳೆದರು. ಬಳೆಯ ಓರೆಯಂಚು ಒಳಮುಖವಾಗಿ ಹೋಗುವಂತೆ ಕೂರಿಸಿ, ಉಕ್ಕಿನ ಪಟ್ಟಿಯಡಿ ತೆಳುತಗಡು ತೂರಿಸಿ ನೋಡಿದರು: ಮೂರು. ಎಣ್ಣೆ ತುಂಬಿ, ಮುಚ್ಚಳವನ್ನು ಅದರ ಮೊಳೆಗಳಿಗೆ ಸರಿಯಾಗಿ ಇಳಿಸಿ, ಎರಡು ಬೋಲ್ಟುಗಳನ್ನು ಸರದಿಯಂತೆ ಬಿಗಿದು, ಕೈಯಿಂದ ತಿರುಗಿಸಲು ನನಗೇ ಕೊಟ್ಟರು. ಎಲ್ಲಿಯೂ ಹಿಡಿಯಲಿಲ್ಲ.

ಎಂಜಿನ್ ಕಾರಿಗೆ ಏರಿದ ದಿನ ತಂದೆಯವರೂ ಬಂದಿದ್ದರು. ಪ್ಲಗ್ಗುಗಳನ್ನು ತೆಗೆದು ಸ್ಟಾರ್ಟರ್ ತಿರುಗಿಸಿದಾಗ ಮುಳ್ಳು ಸ್ವಲ್ಪ ಹೊತ್ತು ಮಲಗಿಯೇ ಇತ್ತು, ಆಮೇಲೆ ಎದ್ದಿತು. ಪ್ಲಗ್ಗು ಹಾಕಿ, ಎಂಜಿನ್ ಚೆನ್ನಾಗಿ ಬಿಸಿಯಾಗಲೆಂದು ಲಾಲ್‌ಬಾಗಿನ ಸುತ್ತ ಒಂದು ಸುತ್ತು ಬಂದು ನಿಲ್ಲಿಸಿದೆವು. ಎಂಜಿನ್ ಮೆಲ್ಲನೆ ತಿರುಗುತ್ತಿತ್ತು, ಮುಳ್ಳು ಇಪ್ಪತ್ತರಲ್ಲಿ ನಿಂತಿತ್ತು. ದಾರಿಯುದ್ದಕ್ಕೂ ಅದನ್ನೇ ನೋಡುತ್ತ ಕುಳಿತಿದ್ದ ತಂದೆಯವರು, “ಇನ್ನೊಂದು ಸುತ್ತು ಹೋಗು” ಎಂದರು.