ಸೂಚಿ ಕಳೆದ ಭಂಡಾರ

'ಕಳೆದುಹೋಯಿತು' ಎಂಬ ಮಾತನ್ನು ನಾವು ಎರಡು ಅರ್ಥಗಳಲ್ಲಿ ಬಳಸುತ್ತೇವೆ. ವಸ್ತುವೇ ನಾಶವಾದಾಗಲೂ ಹಾಗೆನ್ನುತ್ತೇವೆ. ವಸ್ತುವಿದ್ದು ಅದರ ನೆಲೆ ಮಾತ್ರ ತಿಳಿಯದಾದಾಗಲೂ ಹಾಗೆಯೇ ಎನ್ನುತ್ತೇವೆ. ಪ್ರಧ್ವಂಸ ಬೇರೆ, ಅನುಪಲಬ್ಧಿ ಬೇರೆ ಎಂದು ಪಾಠಶಾಲೆಯಲ್ಲಿ ಗಟ್ಟಿಮಾಡಿದ್ದೆನಾದರೂ, ಆ ಭೇದದ ಬೆಲೆ ನನಗೆ ತಿಳಿದುಬಂದದ್ದು ಕಳೆದ ವರ್ಷ, ಅಂಗೈಯಗಲದ ಒಂದು ಹಾರ್ಡ್ ಡಿಸ್ಕಿನಿಂದ.

ನಿವೃತ್ತಿಯ ತರುವಾಯ ಮಾಗಡಿ, ಕನಕಪುರ ಸೀಮೆಯ ಹಳ್ಳಿಗಳಲ್ಲಿ ಮುದುಕಿಯರು ಹಾಡಿದ ಸೋಬಾನೆಗಳನ್ನೂ ಬೀಸುವ ಪದಗಳನ್ನೂ ಧ್ವನಿಮುದ್ರಿಸಿ ಅದರಲ್ಲಿ ಕೂಡಿಟ್ಟಿದ್ದೆ. ಹಾಡಿದವರಲ್ಲಿ ಹಲವರು ಈಗ ಇಲ್ಲ. ಒಂದು ದಿನ ಗಣಕಯಂತ್ರವು ಆ ಡಿಸ್ಕಿನಲ್ಲಿ ಜಾಗವೆಲ್ಲ ಖಾಲಿಯೆಂದು ತೋರಿಸಿತು. ರಿಪೇರಿಯ ಅಂಗಡಿಯೊಂದರಲ್ಲಿ ಕೊಟ್ಟರೆ, ಅಲ್ಲಿಯವರು "ಇದರಲ್ಲಿ ಏನೂ ಇಲ್ಲ" ಎಂದು, ಹೊಸದಾಗಿ ಫಾರ್ಮ್ಯಾಟ್ ಮಾಡಿ, ಪರೀಕ್ಷೆಗಾಗಿ ಒಂದೆರಡು ಚಲನಚಿತ್ರಗಳನ್ನೂ ತುಂಬಿ ಹಿಂದಿರುಗಿಸಿದರು. ಚನ್ನಪಟ್ಟಣದ ನನ್ನ ಹಳೆಯ ಶಿಷ್ಯನೊಬ್ಬ ಇದನ್ನು ಕೇಳಿ ಮನೆಗೇ ಬಂದ. "ಮೇಷ್ಟ್ರೇ, ಇನ್ನು ಇದರ ಮೇಲೆ ಒಂದಕ್ಷರವನ್ನೂ ಬರೆಯಬೇಡಿ" ಎಂಬುದು ಅವನ ಮೊದಲ ಮಾತು.

ಅವನು ತಿಳಿಸಿದ ತತ್ತ್ವ ಇದು. ಹಳೆಯ ಪದ್ಧತಿಯ ಡಿಸ್ಕಿನಲ್ಲಿ 512 ಬೈಟುಗಳ ಮೊದಲ ಸೆಕ್ಟರ್ ಒಂದುಂಟು. ಅದರಲ್ಲಿ 64 ಬೈಟುಗಳಷ್ಟು ಒಂದು ಕೋಷ್ಟಕ. ತಲಾ 16 ಬೈಟುಗಳ ನಾಲ್ಕು ನಮೂದುಗಳು. ಯಾವ ವಿಭಾಗ ಎಲ್ಲಿ ಆರಂಭವಾಗಿ ಎಷ್ಟು ದೂರ ಹಬ್ಬಿದೆಯೆಂಬುದಷ್ಟೇ ಅಲ್ಲಿಯ ಬರಹ. ಈ ವಿಭಾಗಕ್ಕೇ ಪಾರ್ಟಿಷನ್ ಎಂದು ಹೆಸರು. ನಮೂದು ಅಳಿದರೆ ಯಂತ್ರದ ಕಣ್ಣಿಗೆ ವಿಭಾಗವೇ ಇಲ್ಲ. ಆದರೆ ಒಳಗಿನ ಸಾಮಗ್ರಿ ಇದ್ದಲ್ಲಿಯೇ ಇರುತ್ತದೆ. ನಮ್ಮ ಜಿಲ್ಲೆಯನ್ನೇ ನೋಡಬಹುದು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳನ್ನು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಡಿಸಿ ಅದನ್ನು ರಚಿಸಿದರು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರಾಯಿತು. ದಫ್ತರದಲ್ಲಿ ಗೆರೆಯೂ ಹೆಸರೂ ಬದಲಾದರೂ ಅರ್ಕಾವತಿಯೂ ಸಾವನದುರ್ಗವೂ ಕದಲಲಿಲ್ಲ.

ಶಿಷ್ಯನು ಮೊದಲು ಡಿಸ್ಕಿನ ಸಮಗ್ರ ಪ್ರತಿಯೊಂದನ್ನು ಬೇರೆ ದೊಡ್ಡ ಡಿಸ್ಕಿಗೆ ಇಳಿಸಿಕೊಂಡ. ಮುಂದಿನ ಕೆಲಸವೆಲ್ಲ ಪ್ರತಿಯ ಮೇಲೆಯೇ, ಮೂಲವನ್ನು ಮುಟ್ಟಲಿಲ್ಲ. ಡಿಸ್ಕು ಟಿಕ್ ಟಿಕ್ ಎಂದು ಸದ್ದು ಮಾಡುತ್ತಿದ್ದರೆ ಅದು ಯಂತ್ರದ ವ್ಯಾಧಿ, ಆಗ ಇದಾವುದನ್ನೂ ಮಾಡದೆ ಆರಿಸಿಟ್ಟು ತಜ್ಞರಿಗೆ ಒಪ್ಪಿಸಬೇಕೆಂದ. ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿಗಳಲ್ಲಿ ಅಳಿಸಿದ ಜಾಗವನ್ನು ಯಂತ್ರವೇ ಬರಿದುಮಾಡಿಕೊಳ್ಳುವುದುಂಟಾದ್ದರಿಂದ ಅಲ್ಲಿ ಆಸೆ ಕಡಿಮೆಯಂತೆ. ಬಳಿಕ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶವು ಡಿಸ್ಕಿನ ಪ್ರತಿಯನ್ನೆಲ್ಲ ಶೋಧಿಸಿ ಹಳೆಯ ವಿಭಾಗದ ಎಲ್ಲೆಯನ್ನು ಕಂಡುಹಿಡಿಯಿತು. ಕಡತಗಳಲ್ಲಿ ಬಹುಪಾಲು ಹೆಸರುಸಹಿತ ದೊರೆತವು.

ಉಳಿದವುಗಳ ಒಳಸೂಚಿಯೂ ಹೊಸ ಬರಹದಡಿಯಲ್ಲಿ ಅಳಿದಿತ್ತು. ಅವಕ್ಕೆ ಫೋಟೋರೆಕ್ ಎಂಬ ಇನ್ನೊಂದು ತಂತ್ರಾಂಶ. ಇದರ ರೀತಿ ಪಾಠಶಾಲೆಯವನಿಗೆ ಪರಿಚಿತವಾದದ್ದೇ. ದಾರ ಹರಿದು ಚೆದರಿದ ಓಲೆಗಳ ರಾಶಿಯಲ್ಲಿ ಗ್ರಂಥಾರಂಭವನ್ನು ಗುರುತಿಸುವುದು ಮಂಗಳಾಚರಣೆಯಿಂದ. ಹಾಗೆಯೇ ವೇವ್ ಎಂಬ ಬಗೆಯ ಧ್ವನಿಕಡತದ ಮೊದಲಲ್ಲಿ ಆರ್, ಐ, ಎಫ್, ಎಫ್ ಎಂಬ ನಾಲ್ಕು ಅಕ್ಷರಗಳೂ ಅವುಗಳ ಬೆನ್ನಿಗೆ ಕಡತದ ಪ್ರಮಾಣವೂ ಇರುತ್ತವೆ. ಆ ಗುರುತನ್ನು ಹಿಡಿದು ಕಡತವನ್ನು ಎತ್ತಬಹುದು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸುವವರೆಗೆ ವಿದ್ವಲ್ಲೋಕವು ಆ ಗ್ರಂಥವನ್ನು ನಷ್ಟವೆಂದೇ ಎಣಿಸಿತ್ತು. ಅದು ಅನುಪಲಬ್ಧವಾಗಿತ್ತೇ ಹೊರತು ಧ್ವಸ್ತವಾಗಿರಲಿಲ್ಲ. ಅದರ ಓಲೆಗಳನ್ನು ಯಾರಾದರೂ ಹೆರೆದು ಬೇರೊಂದನ್ನು ಬರೆದಿದ್ದರೆ ಶಾಸ್ತ್ರಿಗಳ ಪಾಂಡಿತ್ಯವೂ ನಿಷ್ಫಲವಾಗುತ್ತಿತ್ತು. ನನ್ನ ಡಿಸ್ಕಿನಲ್ಲಿಯೂ ಚಲನಚಿತ್ರಗಳು ಕುಳಿತ ಜಾಗದ ಹಾಡುಗಳು ಮರಳಲಿಲ್ಲ.

ಫೋಟೋರೆಕ್ ಎತ್ತಿಕೊಟ್ಟ ಹಾಡುಗಳಿಗೆ ಹೆಸರಿರಲಿಲ್ಲ, ಬರಿಯ ಸಂಖ್ಯೆ. ಹಾಡು ಯಾವುದೆಂದು ಕಿವಿಯೇ ಹೇಳುತ್ತದೆ, ಹಾಡಿದವರು ಯಾರೆಂದು ಹೇಳುವವರು ಬೇಕು. ಅವನ್ನು ಫೋನಿಗೆ ತುಂಬಿಕೊಂಡು ಊರೂರು ತಿರುಗಿದೆ. ಮಾಗಡಿಯ ಕಡೆಯ ಒಂದು ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದ ಹೆಣ್ಣುಮಗಳೊಬ್ಬಳು ಎರಡನೆಯ ಸಾಲಿಗೇ ಕೈ ನಿಲ್ಲಿಸಿ, "ಇದು ನಮ್ಮತ್ತೆ ದನಿ ಕಣ್ ಮೇಷ್ಟ್ರೇ" ಎಂದಳು. ಮತ್ತೆ ಮಾತಾಡಲಿಲ್ಲ, ಹಾಡು ಮುಗಿದ ಮೇಲೆ ಇನ್ನೊಮ್ಮೆ ಹಾಕಿಸಿದಳು. ಅತ್ತೆ ತೀರಿಕೊಂಡು ಮೂರು ವರ್ಷಗಳಾಗಿದ್ದವು.

ಹೀಗೆ ಒಂದೊಂದಾಗಿ ಹೆಸರುಗಳು ಕೂಡಿದವು. ಹನ್ನೊಂದು ಹಾಡುಗಳು ಮಾತ್ರ ಇನ್ನೂ ಅನಾಮಕವಾಗಿಯೇ ಉಳಿದಿವೆ. ಈಗ ಎಲ್ಲವನ್ನೂ ಎರಡು ಡಿಸ್ಕುಗಳಲ್ಲಿ ಇಳಿಸಿ ಬೇರೆ ಬೇರೆ ಮನೆಗಳಲ್ಲಿ ಇಟ್ಟಿದೆ. ಹೊಸದಾಗಿ ಹಾಡಿಸುವಾಗ ಮೊದಲು ಹಾಡುವವರ ಬಾಯಿಂದಲೇ ಹೆಸರು, ಊರು, ದಿನಗಳನ್ನು ಹೇಳಿಸುತ್ತೇನೆ. ಸೂಚಿಯೆಲ್ಲ ಅಳಿದರೂ ಅದು ಹಾಡಿನೊಳಗೇ ಇರುತ್ತದೆ. ಆ ಹನ್ನೊಂದು ಹಾಡುಗಳ ಪ್ರತಿಯನ್ನು ನಮ್ಮ ಸಂಘದ ಕಚೇರಿಗೆ ಒಪ್ಪಿಸಿದ್ದೇನೆ. ವಾಚಕ ಮಹಾಶಯರು ಮನೆಯ ಹಿರಿಯ ಹೆಂಗಸರನ್ನು ಕರೆತಂದು ಒಮ್ಮೆ ಕೇಳಿಸಬೇಕೆಂದು ಪ್ರಾರ್ಥನೆ.