ಕಸಾನಿಯಲ್ಲಿ ಗಡಿ ದಾಟುವವರು ಇಬ್ಬರು

ಯುಂಗುಯೊ ಊರು ದಾಟಿ ಎರಡು ಮೂರು ಕಿಲೋಮೀಟರ್ ಬಂದರೆ ಕಸಾನಿ ಗಡಿ; ಅಲ್ಲಿಗೆ ಪೆರು ದೇಶ ಮುಗಿಯುತ್ತದೆ. ಬೆಳಿಗ್ಗೆ ಪುನೊ ಬಿಟ್ಟಾಗಿನಿಂದ ನಿಮ್ಮ ಎಡಗಡೆಗೆ ಟಿಟಿಕಾಕಾ ಸರೋವರ ಕಣ್ಣುಮುಚ್ಚಾಲೆ ಆಡುತ್ತಾ ಬಂದಿದೆ. ಜೊಂಡಿನ ಹಿಂದೆ ಮರೆಯಾಗಿ, ಇಲಾವೆ, ಹುಲಿ, ಪೊಮಾಟಾ ಊರುಗಳ ತಿರುವಿನಲ್ಲಿ ಮತ್ತೆ ಕಾಣಿಸಿದೆ. 3,812 ಮೀಟರ್ ಎತ್ತರದ ನೀರು ಅದು. ಬಿಸಿಲು ಕೆನ್ನೆ ಸುಡುತ್ತದೆ, ನೆರಳಿಗೆ ಸರಿದರೆ ಮೈ ನಡುಗುತ್ತದೆ. ಹೆಲ್ಮೆಟ್ ತೆಗೆದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಏದುಸಿರು. ರಸ್ತೆ ಬದಿಯಲ್ಲಿ ಬಣ್ಣದ ಲಂಗ, ದುಂಡು ಟೋಪಿಯ ಹೆಂಗಸರು ಹುರಿದ ಜೋಳ ಮಾರುತ್ತಿದ್ದಾರೆ. ಮೂಟೆ ಹೊತ್ತ ಸೈಕಲ್ ಗಾಡಿಗಳು ಏರಿನಲ್ಲಿ ನಿಧಾನವಾಗಿ ಗಡಿಯತ್ತ ಸಾಗುತ್ತಿವೆ.

ಬೈಕನ್ನು ಗೋಡೆಯ ಪಕ್ಕ ನಿಲ್ಲಿಸಿ, ಕಡತ ಕೈಗೆ ತೆಗೆದುಕೊಳ್ಳಿ. ಪಾಸ್‌ಪೋರ್ಟ್ ಭಾರತದ್ದು, ನಂಬರ್ ಪ್ಲೇಟ್ ಕೊಲಂಬಿಯಾದ್ದು, ನಿಂತ ನೆಲ ಪೆರುವಿನದು, ಹೋಗಬೇಕಾದದ್ದು ಬೊಲಿವಿಯಾಕ್ಕೆ. ಮೆಡೆಯಿನ್‌ನಲ್ಲಿ ಕೊಂಡ ಬಜಾಜ್ ಡಾಮಿನಾರ್ ಇದು. ದಕ್ಷಿಣ ಅಮೆರಿಕದ ಗಡಿಗಳಲ್ಲಿ ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿ ಒಂದೇ: ಇಲ್ಲಿ ದಾಟುವವರು ಇಬ್ಬರು. ನೀವು ಬೇರೆ, ನಿಮ್ಮ ಬೈಕು ಬೇರೆ. ಇಬ್ಬರಿಗೂ ಬೇರೆ ಬೇರೆ ಕೌಂಟರು, ಬೇರೆ ಬೇರೆ ಕಾಗದ, ಬೇರೆ ಬೇರೆ ಗಡುವು. ಇಬ್ಬರೂ ಒಂದು ದೇಶದಿಂದ ಕ್ರಮವಾಗಿ ಹೊರಬಿದ್ದ ಮೇಲೆಯೇ ಇನ್ನೊಂದಕ್ಕೆ ಕಾಲಿಡಬೇಕು.

ಮೊದಲು ನಿಮ್ಮ ಸರದಿ. ಇಮಿಗ್ರೇಷನ್ ಕಿಟಕಿಯ ಹಿಂದಿನ ಅಧಿಕಾರಿ ಪಾಸ್‌ಪೋರ್ಟ್ ಪುಟಗಳನ್ನು ತಿರುವಿ, ನೀವು ಒಳಬಂದ ದಿನ ನೋಡಿ, ನಿರ್ಗಮನದ ಸೀಲು ಒತ್ತುತ್ತಾರೆ. ಆ ಪುಟಗಳಲ್ಲೇ ನಿಮ್ಮ ದಾರಿಯ ಕಥೆಯೆಲ್ಲ ಇದೆ. ಅಮೆರಿಕದ ವೀಸಾ ಇನ್ನೂ ಆರು ತಿಂಗಳಿಗಿಂತ ಹೆಚ್ಚು ಕಾಲ ಚಾಲ್ತಿಯಲ್ಲಿದ್ದುದರಿಂದ ಪೆರು ನಿಮಗೆ ಪ್ರತ್ಯೇಕ ವೀಸಾ ಕೇಳಲಿಲ್ಲ. ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ಷೆಂಗೆನ್ ವೀಸಾ ಇದ್ದವರಿಗೂ ಇದೇ ವಿನಾಯಿತಿ. ಈಕ್ವೆಡಾರ್ ಮಾತ್ರ 2019ರಿಂದ ಭಾರತೀಯರಿಗೆ ವೀಸಾ ಕಡ್ಡಾಯ ಮಾಡಿದೆ. ಯುರೋಪಿನ ಸವಾರ ಪಾಸ್‌ಪೋರ್ಟ್ ಚಾಚಿ ದಾಟುವ ಕಡೆ ನಾವು ತಿಂಗಳುಗಳ ಮೊದಲೇ ಕಾಗದ ಜೋಡಿಸಬೇಕು. ಇದು ಅನ್ಯಾಯವೆನಿಸುತ್ತದೆ, ನಿಜ. ಆದರೆ ಮನೆಯಲ್ಲಿ ಕೂತು ಮಾಡಿ ಮುಗಿಸಬಹುದಾದ ಕೆಲಸವೂ ಹೌದು.

ಈಗ ಬೈಕಿನ ಸರದಿ. ಪೆರುವಿನ ಕಸ್ಟಮ್ಸ್ ನೋಡಿಕೊಳ್ಳುವುದು ಸುನಾತ್ ಎಂಬ ಇಲಾಖೆ. ಉತ್ತರದ ಗಡಿಯಲ್ಲಿ ಒಳಬಂದಾಗ ಅವರು ಕೊಟ್ಟ ತಾತ್ಕಾಲಿಕ ಆಮದು ಪ್ರಮಾಣಪತ್ರ ಗರಿಷ್ಠ 90 ದಿನದ್ದು. ಗಡುವು ಮೀರಿದರೆ ವಾಹನ ಜಪ್ತಿಯಾಗುತ್ತದೆ, ಆಮೇಲೆ ಬೇಡಿಕೊಂಡರೂ ಪ್ರಯೋಜನವಿಲ್ಲ. ಜನ ಅವಸರದಲ್ಲಿ ಬಿಟ್ಟುಹೋಗುವ ಕಿಟಕಿ ಇದೇ. ಪಾಸ್‌ಪೋರ್ಟಿಗೆ ಸೀಲು ಬಿತ್ತು, ಎದುರಿಗೆ ರಸ್ತೆ ತೆರೆದಿದೆ, ಯಾರೂ ತಡೆಯುವುದಿಲ್ಲ. ಗಾಡಿ ಹೊಡೆದುಕೊಂಡು ಹೋಗಿಬಿಡಬಹುದು. ಆಗ ಇಲಾಖೆಯ ಕಂಪ್ಯೂಟರಿನಲ್ಲಿ ಆ ಬೈಕು ಪೆರುವಿನೊಳಗೇ ಉಳಿದಿರುತ್ತದೆ. ಆದ್ದರಿಂದ ಕಾಗದ ಒಪ್ಪಿಸಿ, ನಿರ್ಗಮನ ದಾಖಲಾದದ್ದನ್ನು ಕೇಳಿ ಖಚಿತಪಡಿಸಿಕೊಂಡು, ಅದರ ಫೋಟೊ ತೆಗೆದಿಟ್ಟುಕೊಳ್ಳುತ್ತೀರಿ.

ಕಡತದಲ್ಲಿ ಇನ್ನೊಂದು ಹಾಳೆಯ ಕೆಲಸವೂ ಇಲ್ಲಿಗೆ ಮುಗಿಯುತ್ತದೆ: ಪೆರುವಿನ ಕಡ್ಡಾಯ ವಿಮೆ, ಸೋಆತ್. ನಮ್ಮ ಥರ್ಡ್ ಪಾರ್ಟಿ ಪಾಲಿಸಿಗೂ ಇದಕ್ಕೂ ವ್ಯತ್ಯಾಸವಿದೆ. ಅಪಘಾತದಲ್ಲಿ ತಪ್ಪು ಯಾರದೆಂದು ಕೇಳದೆ ಸವಾರ, ಹಿಂಬದಿ ಸವಾರ, ಪಾದಚಾರಿ ಎಲ್ಲರ ಚಿಕಿತ್ಸೆಗೂ ಇದು ಹಣ ಕೊಡುತ್ತದೆ. ಸರ್ಕಾರ ವರ್ಷವರ್ಷ ಗೊತ್ತುಮಾಡುವ ಯುಐಟಿ ಎಂಬ ಮೊತ್ತದ ಐದು ಪಟ್ಟಿನವರೆಗೆ ಚಿಕಿತ್ಸೆಗೆ, ನಾಲ್ಕು ಪಟ್ಟು ಸಾವಿಗೆ. ಆದರೆ ನೀವು ಗುದ್ದಿದ ಕಾರಿಗೆ, ಮುರಿದ ಅಂಗಡಿ ಬಾಗಿಲಿಗೆ, ನಿಮ್ಮದೇ ಬೈಕಿಗೆ ಒಂದು ಪೈಸೆಯೂ ಇಲ್ಲ. ಗಡಿ ದಾಟಿದ ಕ್ಷಣಕ್ಕೆ ಇದಕ್ಕೆ ಬೆಲೆಯೂ ಇಲ್ಲ. ಮುಂದೆ ಚಿಲಿಗೆ ಹೋದರೆ ವಿದೇಶಿ ವಾಹನಗಳ ಸೋಆಪೆಕ್ಸ್ ಬೇಕು, ಅದನ್ನು ಆನ್‌ಲೈನ್‌ನಲ್ಲೇ ಕೊಳ್ಳಬಹುದು. ಅರ್ಜೆಂಟೀನಾ, ಬ್ರೆಜಿಲ್, ಪರಾಗ್ವೆ, ಉರುಗ್ವೆಗಳಿಗೆ ಮೆರ್ಕೊಸೂರ್ ಒಕ್ಕೂಟದ ವಿಮೆ, ಹಸಿರು ಕಾರ್ಡು.

ಬೈಕನ್ನು ಮೆಲ್ಲಗೆ ಏರಿನ ಮೇಲೆ ನಡೆಸಿಕೊಂಡು ಗಡಿ ದಾಟುತ್ತೀರಿ. ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಯಿತು. ಬೊಲಿವಿಯಾದ ಸಮಯ ಬೇರೆ. ಅಲ್ಲಿ ಹನ್ನೊಂದೂವರೆಗೆ ಹೊರಟವರು ಇಲ್ಲಿ ಹನ್ನೆರಡೂವರೆಗೆ ಮುಟ್ಟುತ್ತೀರಿ, ಕಚೇರಿಯ ಊಟದ ಹೊತ್ತಿಗೆ. ಇದನ್ನು ಲೆಕ್ಕ ಹಾಕಿಯೇ ಪುನೊದಿಂದ ಬೇಗ ಹೊರಟಿದ್ದೀರಿ.

ಬೊಲಿವಿಯಾದ ಅಧಿಕಾರಿ ಪಾಸ್‌ಪೋರ್ಟ್ ತೆರೆದು ವೀಸಾ ಪುಟದಲ್ಲಿ ನಿಲ್ಲುತ್ತಾರೆ. ಪುನೊದ ಬೊಲಿವಿಯಾ ಕಾನ್ಸುಲೇಟ್‌ನಲ್ಲಿ ಹೋಟೆಲ್ ಬುಕಿಂಗ್, ಬ್ಯಾಂಕ್ ಸ್ಟೇಟ್‌ಮೆಂಟ್, ದಾರಿಯ ವಿವರ ಕೊಟ್ಟು ಹಾಕಿಸಿಕೊಂಡ ವೀಸಾ ಅದು. ಜೊತೆಗೆ ಹಳದಿ ಪುಸ್ತಿಕೆ: ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ. ಲಸಿಕೆ ಹಾಕಿಸಿದ ಹತ್ತು ದಿನದ ಮೇಲೆ ಅದು ಊರ್ಜಿತ, ಆಮೇಲೆ ಜೀವನಪರ್ಯಂತ. ಇದು ಬೊಲಿವಿಯಾಕ್ಕಷ್ಟೇ ಬೇಕಾದದ್ದಲ್ಲ. ಈ ದೇಶಗಳಿಂದ ಬೆಂಗಳೂರಿಗೆ ಮರಳುವಾಗ ನಮ್ಮದೇ ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ, ಇಲ್ಲದಿದ್ದರೆ ಪ್ರತ್ಯೇಕವಾಸ. ಸೀಲು ಬಿತ್ತು. ಅದರ ಮೇಲಿನ ದಿನಗಳ ಸಂಖ್ಯೆಯನ್ನು ಕಿಟಕಿ ಬಿಡುವ ಮೊದಲೇ ಓದಿಕೊಳ್ಳಿ.

ಪಕ್ಕದ ಕೋಣೆ ಕಸ್ಟಮ್ಸ್. ಬೈಕಿನ ಆರ್‌ಸಿ ಕಾರ್ಡು, ಪಾಸ್‌ಪೋರ್ಟ್, ಎರಡರ ಜೆರಾಕ್ಸ್. ಆರ್‌ಸಿಯಲ್ಲಿ ನಿಮ್ಮದೇ ಹೆಸರಿದೆ. ಬೇರೆಯವರ ಗಾಡಿಯಾಗಿದ್ದರೆ ನೋಟರಿ ಮಾಡಿಸಿದ ಅಧಿಕಾರಪತ್ರ ಬೇಕಿತ್ತು. ಅಧಿಕಾರಿ ಹೊರಬಂದು ಬೈಕಿನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ. ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ ಹಿಡಿಯಲು ಹೇಳುತ್ತಾರೆ. ಫೋರ್ಕಿನ ಹಿಂದೆ ಚಾಸಿಯ ಕೊರಳಿನ ಮೇಲೆ ಕೊರೆದ ಅಂಕಿಗಳು. ಮೇಲೆ ದಾರಿಯ ಧೂಳು, ಒಣಗಿದ ಕೆಸರು. ಹೆಬ್ಬೆರಳಿನಿಂದ ಉಜ್ಜಿ, ಮೊಬೈಲ್ ಟಾರ್ಚು ಹಿಡಿದು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದುತ್ತಾರೆ. ಹದಿನೇಳು ಅಕ್ಷರ. ನೀವು ಕಾರ್ಡಿನಲ್ಲಿ ಬೆರಳಿಟ್ಟು ಹಿಂಬಾಲಿಸುತ್ತೀರಿ. ಒಳಗೆ ಪ್ರಿಂಟರು ಸಿವೆತೂರ್ ಹಾಳೆಯನ್ನು ಹೊರಹಾಕುತ್ತದೆ; ಪ್ರವಾಸಿ ವಾಹನಕ್ಕೆ ಈ ದೇಶ ಕೊಡುವ ಅನುಮತಿ. ಸಹಿ ಹಾಕುವ ಮೊದಲು ಮತ್ತೆ ಓದುತ್ತೀರಿ: ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ನಂಬರ್ ಪ್ಲೇಟ್, ಚಾಸಿ, ಎಂಜಿನ್, ಗಡುವಿನ ದಿನಾಂಕ. ಎಂಟು ಇರಬೇಕಾದ ಕಡೆ ಬಿ ಇದ್ದರೆ ಇಲ್ಲಿ ಎರಡು ನಿಮಿಷದ ತಿದ್ದುಪಡಿ. ಸಾವಿರ ಕಿಲೋಮೀಟರ್ ಆಚೆ, ಬೇರೊಂದು ಗಡಿಯಲ್ಲಿ, ಅದೇ ಅಕ್ಷರ ದಿನಗಟ್ಟಲೆ ನಿಲ್ಲಿಸಬಲ್ಲದು. ನಿಮ್ಮ ಹಿಂದೆ ಸಾಲಿನಲ್ಲಿರುವವರು ಕಾಯಲಿ. ಹಾಳೆ ಪೂರ್ತಿ ಓದುವುದು ನಿಮ್ಮ ಹಕ್ಕು.

ಸಾಲಿನಲ್ಲಿರುವವರು ಪೆರುವಿನ ಒಂದು ಕುಟುಂಬ, ಹೊಚ್ಚಹೊಸ ವ್ಯಾನಿನೊಡನೆ. ಎಂಟು ಕಿಲೋಮೀಟರ್ ದೂರದ ಕೋಪಕಬಾನಾದಲ್ಲಿ ಅವರನ್ನು ಮತ್ತೆ ನೋಡುತ್ತೀರಿ. ಬಸಿಲಿಕದ ಮುಂದೆ ವಾಹನಗಳ ಸಾಲು. ಬಾನೆಟ್ಟಿನ ಮೇಲೆ ಹೂವಿನ ಹಾರ, ಬಣ್ಣದ ರಿಬ್ಬನ್ನು. ಪಾದ್ರಿ ತೀರ್ಥ ಎರಚುತ್ತಾರೆ, ಮಾಲೀಕರು ಚಕ್ರಕ್ಕೆ ಬಿಯರು ಸುರಿಯುತ್ತಾರೆ, ಪಟಾಕಿ ಸಿಡಿಯುತ್ತದೆ. ಒಳಗೆ ಶಿಲ್ಪಿ ಫ್ರಾನ್ಸಿಸ್ಕೊ ತೀತೊ ಯುಪಾಂಕಿ 1583ರಲ್ಲಿ ಮುಗಿಸಿದ ಕನ್ಯೆ ಮರಿಯಳ ಮೂರ್ತಿ. ಆಯುಧಪೂಜೆಯ ದಿನ ನಮ್ಮ ಬೀದಿಯಲ್ಲಿ ನಿಂತಂತೆಯೇ ಅನಿಸುತ್ತದೆ; ಚಕ್ರದಡಿಯ ನಿಂಬೆಹಣ್ಣೊಂದು ಕಡಿಮೆ. ಆ ಕುಟುಂಬವೂ ಮೊದಲು ಕಸ್ಟಮ್ಸ್ ಸಾಲಿನಲ್ಲಿ ನಿಂತು ಬಂದಿದೆ. ಹರಕೆಯಿದೆಯೆಂದು ಕಾಗದ ಬಿಟ್ಟಿಲ್ಲ, ಕಾಗದವಿದೆಯೆಂದು ಹರಕೆ ಬಿಟ್ಟಿಲ್ಲ.

ನಿಮ್ಮ ಸ್ವಂತ ಮೈಯ ವಿಮೆಯನ್ನು ಇವತ್ತು ರಾತ್ರಿಯೇ ಮತ್ತೊಮ್ಮೆ ಓದಿ. ಊರಿನಲ್ಲಿ ಮಾಡಿಸಿದ ಟ್ರಾವೆಲ್ ಪಾಲಿಸಿ ಬೈಕು ಓಡಿಸುವಾಗಿನ ಗಾಯಕ್ಕೆ ಅನ್ವಯಿಸುತ್ತದೆಯೇ, ಎಷ್ಟು ಸಿಸಿಯವರೆಗೆ, ಎಷ್ಟು ಎತ್ತರದವರೆಗೆ, ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯೇ? ಉತ್ತರ ಸಣ್ಣ ಅಕ್ಷರದಲ್ಲಿರುತ್ತದೆ.

ನಾಳೆ ಲಾ ಪಾಸ್ ದಾರಿಯಲ್ಲಿ ಟಿಕಿನಾ ಜಲಸಂಧಿ. ಮರದ ದೋಣಿಯ ಹಲಗೆಗಳ ಮೇಲೆ ಬೈಕು ಹತ್ತಿಸಬೇಕು. 1879ರಲ್ಲಿ ಶುರುವಾದ ಯುದ್ಧದಲ್ಲಿ ಕರಾವಳಿ ಕಳೆದುಕೊಂಡ ಬೊಲಿವಿಯಾದ ನೌಕಾಪಡೆ ಈ ಸರೋವರದಲ್ಲಿದೆ. ಅವರೂ ಕಾಗದ ಕೇಳಬಹುದು, ತೋರಿಸಿ ಮುಂದೆ ಸಾಗುತ್ತೀರಿ. ಗಡುವಿನ ದಿನವನ್ನು ಟ್ಯಾಂಕಿನ ಮೇಲಿನ ಚೀಲದಲ್ಲಿ ಕಣ್ಣಿಗೆ ಬೀಳುವಂತೆ ಬರೆದಿಡಿ. ಬೊಲಿವಿಯಾ ಬಿಡುವಾಗ ನಿಮ್ಮ ಪಾಸ್‌ಪೋರ್ಟಿನ ಜೊತೆ ಬೈಕಿನ ಲೆಕ್ಕವೂ ಚುಕ್ತಾ ಆಗಬೇಕು. ಅದಾದರೆ ಈ ಖಂಡದ ಇನ್ನುಳಿದ ದೇಶಗಳಿಗೂ ಧೈರ್ಯವಾಗಿ ಹೋಗಬಹುದು, ಮರಳಿ ಬರಬೇಕೆನಿಸಿದಾಗ ಇಲ್ಲಿಗೇ ಮತ್ತೆ ಬರಬಹುದು.