ಕಾಶ್: ನೋಟಕ್ಕೂ ಓದಿಗೂ ನಡುವೆ

ತುರ್ಕಿಯ ನೈರುತ್ಯ ಕರಾವಳಿಯಲ್ಲಿ, ಅಂತಾಲ್ಯಾ ಪ್ರಾಂತ್ಯಕ್ಕೆ ಸೇರಿದ ಕಾಶ್ ಎಂಬ ಚಿಕ್ಕ ಬಂದರು ಪಟ್ಟಣವಿದೆ. ತುರ್ಕಿ ಭಾಷೆಯಲ್ಲಿ ಈ ಪದಕ್ಕೆ ಹುಬ್ಬು ಎಂದರ್ಥ. ಬೆಟ್ಟವು ನೇರವಾಗಿ ಮೆಡಿಟರೇನಿಯನ್ ಕಡಲಿಗೆ ಇಳಿಯುವ ಈ ಜಾಗದಲ್ಲಿ ಉದ್ದನೆಯ ಮರಳ ದಂಡೆಯಿಲ್ಲ. ಊರಿಗೆ ಅಂಟಿಕೊಂಡಂತೆ ಇರುವವು ಉರುಟುಗಲ್ಲುಗಳ ಒಂದೆರಡು ಕಿರುಕೊಲ್ಲಿಗಳು ಮಾತ್ರ. ಅಲ್ಲಿಯೂ ಬೆಟ್ಟದೊಡಲಿನ ಸಿಹಿನೀರಿನ ಒರತೆಗಳು ಕಡಲಿಗೆ ಬಂದು ಸೇರುವುದರಿಂದ ಸುಡುಬೇಸಿಗೆಯ ಮಧ್ಯಾಹ್ನದಲ್ಲಿಯೂ ನೀರು ಮೈ ಕೊರೆಯುತ್ತದೆ. ಈ ಕೊರತೆಯೇ ಊರಿಗೆ ವರವಾಯಿತೆನ್ನಬೇಕು. ಅಂತಾಲ್ಯಾದ ಆಸುಪಾಸಿನ ಮರಳ ತೀರಗಳನ್ನು ಸಾಲುಸಾಲಾಗಿ ಆಕ್ರಮಿಸಿದ ಬೃಹತ್ ಹೋಟೆಲುಗಳು ಇಲ್ಲಿಗೆ ಬರಲಿಲ್ಲ. ಬಿಸಿಲಿಗೆ ಮೈಯೊಡ್ಡಿ ಮಲಗಲು ಬಯಸುವ ಪ್ರವಾಸಿಗೆ ಕಾಶ್ ಹೇಳಿ ಮಾಡಿಸಿದ ಊರಲ್ಲ. ಇಲ್ಲಿ ನಡೆಯಬೇಕು, ಏರಬೇಕು, ಹುಟ್ಟು ಹಾಕಬೇಕು, ಮುಳುಗಬೇಕು.

ಪ್ರಾಚೀನ ಕಾಲದಲ್ಲಿ ಈ ಊರಿಗೆ ಆಂಟಿಫೆಲ್ಲೋಸ್ ಎಂಬ ಹೆಸರಿತ್ತು. ಬೆಟ್ಟದ ಮೇಲಿದ್ದ ಫೆಲ್ಲೋಸ್ ನಗರಕ್ಕೆ ಎದುರಾಗಿ ಇರುವುದು ಎಂಬ ಅರ್ಥದ ಗ್ರೀಕ್ ಹೆಸರು ಅದು. ಮೇಲಿನ ಊರಿನ ನೆರಳಾಗಿ ಹುಟ್ಟಿದ ಈ ಬಂದರು ಮುಂದೆ ಮೂಲವನ್ನೇ ಮೀರಿ ಬೆಳೆಯಿತು. ಪಟ್ಟಣದ ಪಶ್ಚಿಮಕ್ಕೆ ಆಲಿವ್ ಮರಗಳ ನಡುವೆ ಆ ಕಾಲದ ಬಯಲು ರಂಗಮಂದಿರವಿದೆ. ಅರ್ಧವೃತ್ತಾಕಾರದ ಕಲ್ಲಿನ ಆಸನಗಳ ಸಾಲುಗಳು ಕಡಲಿಗೆ ಮುಖ ಮಾಡಿವೆ, ರಂಗದ ಹಿಂಗೋಡೆಯಿಲ್ಲ. ಸಂಜೆಯಾಗುತ್ತಲೇ ಪ್ರವಾಸಿಗರು ಬಂದು ಇಲ್ಲಿ ಕೂರುತ್ತಾರೆ. ನಟರಿಲ್ಲದ, ನಾಟಕವಿಲ್ಲದ ರಂಗದಲ್ಲಿ ಸೂರ್ಯ ಮುಳುಗುವುದನ್ನು ನೋಡಿ, ಕೆಲವೊಮ್ಮೆ ಚಪ್ಪಾಳೆಯನ್ನೂ ತಟ್ಟಿ ಎದ್ದು ಹೋಗುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕೇಳುವುದಕ್ಕಾಗಿ ಕಟ್ಟಿದ ಜಾಗವು ಕೇವಲ ನೋಡುವ ಜಾಗವಾಗಿ ಉಳಿದಿರುವುದು ಕಾಶ್‌ನ ಇತರ ಸ್ಥಳಗಳ ವಿಷಯದಲ್ಲಿಯೂ ನಿಜವಾದ ಸಂಗತಿ.

ಇದಕ್ಕೆ ಪೇಟೆಬೀದಿಯಲ್ಲಿರುವ ಸಮಾಧಿಗಿಂತ ಉತ್ತಮ ನಿದರ್ಶನ ದೊರೆಯದು. ಉಜುನ್ ಚಾರ್ಶಿ, ಅಂದರೆ ಉದ್ದಪೇಟೆ ಎಂಬ ಬೀದಿಯ ಏರಿನಲ್ಲಿ, ಜಮಖಾನೆ, ಬೆಳ್ಳಿಯೊಡವೆ, ಬಣ್ಣದ ಪಿಂಗಾಣಿ ಮಾರುವ ಅಂಗಡಿಗಳು ಮುಗಿಯುವಲ್ಲಿ ಎತ್ತರದ ಪೀಠದ ಮೇಲೆ ಕಲ್ಲಿನ ಶವಪೆಟ್ಟಿಗೆಯೊಂದು ನಿಂತಿದೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ್ದೆಂದು ಹೇಳಲಾಗುವ ಇದರ ಮುಚ್ಚಳ ಕವುಚಿದ ದೋಣಿಯ ಹಾಗಿದೆ. ಅದರಿಂದ ಸಿಂಹದ ತಲೆಗಳು ಹೊರಚಾಚಿವೆ. ಲಿಸಿಯಾ ಎಂದು ಕರೆಯಲಾಗುತ್ತಿದ್ದ ಈ ಸೀಮೆಯ ಜನ ತಮ್ಮ ಮರದ ಮನೆಗಳ ತೊಲೆತುದಿಗಳನ್ನೂ ಮಾಡಿನ ಬಾಗನ್ನೂ ಸಮಾಧಿಗಳ ಕಲ್ಲಿನಲ್ಲಿ ಕಡೆದಿಟ್ಟರು. ಮನೆಗಳು ಉಳಿಯಲಿಲ್ಲ, ಕಲ್ಲಿನ ನಕಲು ಉಳಿಯಿತು. ಸಮಾಧಿಯ ಪೀಠದ ಮೇಲೆ ಬರಹವಿದೆ. ಮಾರ್ಗದರ್ಶಿಗಳು ಇದನ್ನು ರಾಜನ ಸಮಾಧಿ ಎಂದು ತೋರಿಸಿ ಮುಂದೆ ಸಾಗುತ್ತಾರೆ; ಬರಹದ ಮಾತು ಅಪರೂಪ.

ಮಾತೆತ್ತಬೇಕಾದದ್ದು ಮಾತ್ರ ಅದನ್ನೇ. ಲಿಸಿಯನ್ ಭಾಷೆ ಹಿಟ್ಟೈಟ್, ಲುವಿಯನ್ ಭಾಷೆಗಳ ಬಳಗದ್ದು; ಗ್ರೀಕ್ ಲಿಪಿಯಿಂದ ರೂಪಿಸಿಕೊಂಡ ತನ್ನದೇ ಅಕ್ಷರಮಾಲೆ ಅದಕ್ಕಿತ್ತು. ಆ ಭಾಷೆಯ ಸಾಮಾನ್ಯ ಸಮಾಧಿಶಾಸನಗಳನ್ನು ವಿದ್ವಾಂಸರು ಸಾಕಷ್ಟು ಮಟ್ಟಿಗೆ ಓದಬಲ್ಲರು. 1973ರಲ್ಲಿ ಲೆಟೋನ್ ಎಂಬಲ್ಲಿ ಲಿಸಿಯನ್, ಗ್ರೀಕ್ ಮತ್ತು ಅರಮಾಯಿಕ್ ಮೂರರಲ್ಲಿಯೂ ಬರೆದ ಕಲ್ಲು ದೊರೆತ ಮೇಲೆ ಆ ಕೆಲಸ ಇನ್ನಷ್ಟು ಸುಗಮವಾಯಿತು. ಇಂಥವನು ತನ್ನ ಹೆಂಡತಿ ಮಕ್ಕಳಿಗಾಗಿ ಈ ಸಮಾಧಿ ಕಟ್ಟಿಸಿದನು, ಇದಕ್ಕೆ ಕೇಡು ಬಗೆದವರನ್ನು ದೇವತೆ ದಂಡಿಸುವಳು ಎಂಬುದು ಅವುಗಳ ಧಾಟಿ. ಕನ್ನಡ ಶಾಸನಗಳ ಶಾಪಾಶಯವನ್ನು ಓದಿ ಬಲ್ಲವರಿಗೆ ಈ ಬಗೆ ಅಪರಿಚಿತವೆನಿಸದು. ಆದರೆ ಉದ್ದಪೇಟೆಯ ಬರಹ ಆ ಸಾಮಾನ್ಯ ಲಿಸಿಯನ್‌ನಲ್ಲಿ ಇಲ್ಲ. ಅದಕ್ಕೆ ಹತ್ತಿರದ, ಆದರೆ ಬೇರೆಯದೇ ಆದ ಮತ್ತೊಂದು ರೂಪದಲ್ಲಿದೆ. ಆ ರೂಪದ ದೀರ್ಘ ಬರಹಗಳೆಂದರೆ ಎರಡೇ: ಒಂದು ಕ್ಸಾಂಥೋಸ್ ನಗರದ ಶಿಲಾಸ್ತಂಭದ್ದು, ಇನ್ನೊಂದು ಇದು. ಎರಡೂ ಪದ್ಯಗಳೆಂದು, ಪಂಕ್ತಿಗುಚ್ಛಗಳನ್ನು ಬೇರ್ಪಡಿಸುವ ಗುರುತುಗಳೂ ಅವುಗಳಲ್ಲಿವೆಯೆಂದು ತಜ್ಞರು ಕಂಡುಕೊಂಡಿದ್ದಾರೆ. ಅರ್ಥ ಮಾತ್ರ ಬಹುಪಾಲು ಕೈಗೆ ಸಿಕ್ಕಿಲ್ಲ. ಅಂದರೆ ಸಂಜೆಯ ಹೊತ್ತು ಸಾವಿರಾರು ಜನ ಓಡಾಡುವ ಬೀದಿಯಲ್ಲಿ ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದಿನ ಪದ್ಯವೊಂದು ಓದುಗನಿಲ್ಲದೆ ನಿಂತಿದೆ. ಅದರ ನೆರಳಿನಲ್ಲಿ ಬೆಕ್ಕುಗಳು ಮಲಗುತ್ತವೆ.

ಕಾಶ್‌ನಿಂದ ದಿನವೂ ಬೆಳಿಗ್ಗೆ ಹೊರಡುವ ವಿಹಾರದ ದೋಣಿಗಳ ಹಿಂದೆಯೂ ಒಂದು ಸಾಹಿತ್ಯಿಕ ಇತಿಹಾಸವಿದೆ ಎಂಬುದು ಹಲವರಿಗೆ ತಿಳಿಯದು. ಲೇಖಕ ಜೆವಾತ್ ಶಾಕಿರ್ 1925ರಲ್ಲಿ ಬೊದ್ರುಮ್ ಪಟ್ಟಣಕ್ಕೆ ಗಡೀಪಾರಾಗಿ ಬಂದವನು. ಕೊಟ್ಟ ಶಿಕ್ಷೆಯನ್ನೇ ಪ್ರೀತಿಸಿ ಹಾಲಿಕಾರ್ನಾಸಸ್‌ನ ಬೆಸ್ತ ಎಂಬ ಕಾವ್ಯನಾಮ ಧರಿಸಿದನು. ಮುಂದೆ ಅವನು ಇಸ್ತಾಂಬುಲಿನ ಲೇಖಕ ಮಿತ್ರರನ್ನು ಸ್ಪಂಜು ಹೆಕ್ಕುವವರ ದೋಣಿಗಳಲ್ಲಿ ಕೂರಿಸಿಕೊಂಡು ಈ ದಂಡೆಯುದ್ದಕ್ಕೂ ಅಲೆದನು. ಸಬಾಹತ್ತಿನ್ ಎಯುಬೋಲು, ಹೋಮರನ ಇಲಿಯಡ್ ಕಾವ್ಯವನ್ನು ತುರ್ಕಿ ಭಾಷೆಗೆ ತಂದವರಲ್ಲಿ ಒಬ್ಬಳಾದ ಆಜ್ರಾ ಎರ್ಹಾತ್ ಮುಂತಾದವರು ಆ ಗುಂಪಿನವರು. ನೀಲಿಯಾನ ಎಂಬ ಅರ್ಥದ ಹೆಸರು ಆ ಸಂಚಾರಗಳಿಗೆ ಬಂದಿತು. ಎರ್ಹಾತ್ 1962ರಲ್ಲಿ ಅದೇ ಹೆಸರಿನ ಪುಸ್ತಕವನ್ನೂ ಬರೆದಳು. ಬರಿಯ ರೊಟ್ಟಿ, ಚೀಸು, ಮೀನು ತಿಂದುಕೊಂಡು ಹೊರಟ ಆ ಪಂಡಿತರಿಗೆ ಈ ನೆಲದ ಪ್ರಾಚೀನತೆ ಗ್ರೀಕರದ್ದು ಮಾತ್ರವಲ್ಲ, ಅನಾತೋಲಿಯಾದ್ದೂ ಹೌದು ಎಂದು ಸಾಧಿಸುವ ಹಟವಿತ್ತು. ಇಂದು ಅದೇ ಹೆಸರು ಸುಖವಿಹಾರದ ಜಾಹೀರಾತಾಗಿದೆ. ಇಲಿಯಡ್‌ನಲ್ಲಿ ಸತ್ತ ವೀರ ಸಾರ್ಪೆಡಾನನ ದೇಹವನ್ನು ನಿದ್ರೆ ಮತ್ತು ಸಾವು ಎಂಬ ಅವಳಿಗಳು ಹೊತ್ತು ತರುವುದು ಇದೇ ಲಿಸಿಯಾಕ್ಕೆ ಎಂಬುದನ್ನು ದೋಣಿಯ ಧ್ವನಿವರ್ಧಕ ಹೇಳುವುದಿಲ್ಲ.

ಈ ದೋಣಿಗಳು ಮುಖ್ಯವಾಗಿ ಹೋಗುವುದು ಪೂರ್ವದ ಕೆಕೋವಾ ದ್ವೀಪದ ಕಡೆಗೆ. ಭೂಕಂಪಗಳಿಂದ ನೆಲ ಕುಸಿದು ಅಲ್ಲಿನ ಪ್ರಾಚೀನ ಊರಿನ ಅರ್ಧ ಭಾಗ ನೀರಿನೊಳಗಾಗಿದೆ. ಬಂಡೆಯಲ್ಲಿ ಕಡೆದ ಮೆಟ್ಟಿಲುಗಳು ನೇರವಾಗಿ ಕಡಲೊಳಗೆ ಇಳಿಯುತ್ತವೆ. ಗೋಡೆಯ ತಳಗಳು ನೀರಿನಡಿ ನಡುಗುವ ಗೆರೆಗಳಂತೆ ಕಾಣುತ್ತವೆ. 1990ರಲ್ಲಿ ಈ ಪ್ರದೇಶವನ್ನು ವಿಶೇಷ ಸಂರಕ್ಷಿತ ವಲಯವೆಂದು ಘೋಷಿಸಲಾಯಿತು. ಮುಳುಗಿದ ಊರಿನ ಮೇಲೆ ಈಜುವುದಕ್ಕೂ ಮುಳುಗುವುದಕ್ಕೂ ನಿಷೇಧವಿದೆ. ಹಲವರು ಇದರಿಂದ ನಿರಾಶರಾಗುವುದುಂಟು. ಆದರೆ ಲಿಸಿಯಾದ ಇತಿಹಾಸ ಬಲ್ಲವರು ನಿಷೇಧದ ಪರವಾಗಿಯೇ ನಿಲ್ಲುವರು. ಹತ್ತೊಂಬತ್ತನೆಯ ಶತಮಾನದಲ್ಲಿ ಚಾರ್ಲ್ಸ್ ಫೆಲೋಸ್ ಎಂಬ ಆಂಗ್ಲ ಪ್ರವಾಸಿ ಕ್ಸಾಂಥೋಸನ್ನು ನೋಡಿ ಮೆಚ್ಚಿದ ಫಲವಾಗಿ ಅಲ್ಲಿನ ಶಿಲ್ಪಗಳು ಹಡಗೇರಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದವು. ಮೆಚ್ಚುಗೆಯೂ ಒಂದು ಬಗೆಯ ಅಪಾಯವೇ. ಕೆಕೋವಾದ ಎದುರಿನ ಕಾಲೆಕೊಯ್ ಹಳ್ಳಿಗೆ ಇಂದಿಗೂ ವಾಹನದ ರಸ್ತೆಯಿಲ್ಲ. ದೋಣಿಯಲ್ಲಿ ಇಲ್ಲವೆ ಕಾಲ್ನಡಿಗೆಯಲ್ಲಿ ಹೋಗಬೇಕು. ಅದರ ದಡದ ತೆಳುನೀರಿನಲ್ಲಿ ಒಂಟಿ ಕಲ್ಲುಸಮಾಧಿಯೊಂದು ನಿಂತಿದೆ. ಕಯಾಕ್ ಎಂಬ ಕಿರುದೋಣಿಯಲ್ಲಿ ಸದ್ದಿಲ್ಲದೆ ಹುಟ್ಟು ಹಾಕುತ್ತ ಬಂದವರು ಅದರ ಬಳಿ ಸಾಮಾನ್ಯವಾಗಿ ಮಾತು ನಿಲ್ಲಿಸುತ್ತಾರೆ.

ಮುಳುಗುವವರಿಗೆ ಕಾಶ್‌ನ ಸುತ್ತ ಬೇರೆ ಜಾಗಗಳಿವೆ. ತುರ್ಕಿಯಲ್ಲಿ ಈ ಕ್ರೀಡೆಗೆ ಹೆಸರಾದ ಊರುಗಳಲ್ಲಿ ಇದೂ ಒಂದು. ಮೂಲದಲ್ಲಿ ಇದು ಕ್ರೀಡೆಯಲ್ಲ, ಹೊಟ್ಟೆಪಾಡು. ಆಂಟಿಫೆಲ್ಲೋಸ್‌ನ ಸ್ಪಂಜು ಬಹು ಮೃದುವಾದುದೆಂದು ರೋಮನ್ ಲೇಖಕ ಪ್ಲಿನಿಯೇ ಹೇಳಿದ್ದಾನೆ. 1982ರಲ್ಲಿ ಸ್ಪಂಜು ಹುಡುಕಲು ಇಳಿದ ಮುಳುಗುಗಾರನೊಬ್ಬನು ಊರಿನ ಆಗ್ನೇಯಕ್ಕಿರುವ ಉಲುಬುರುನ್ ಭೂಶಿರದ ಬಳಿ ಕಿವಿಗಳುಳ್ಳ ಲೋಹದ ಬಿಸ್ಕತ್ತುಗಳನ್ನು ಕಂಡೆನೆಂದು ಬಂದು ಹೇಳಿದನು. ಅವು ಕ್ರಿಸ್ತಪೂರ್ವ ಹದಿನಾಲ್ಕನೆಯ ಶತಮಾನದ ಕೊನೆಗೆ ಮುಳುಗಿದ ಹಡಗೊಂದರ ತಾಮ್ರದ ಗಟ್ಟಿಗಳಾಗಿದ್ದವು. ಜಾರ್ಜ್ ಬಾಸ್ ಮತ್ತು ಜೆಮಾಲ್ ಪುಲಾಕ್ ಅವರ ನೇತೃತ್ವದಲ್ಲಿ 1984ರಿಂದ 1994ರವರೆಗೆ ಉತ್ಖನನ ನಡೆಯಿತು. ಒಟ್ಟು ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಬಾರಿ ನೀರಿಗೆ ಇಳಿದು ಆ ಕೆಲಸ ಪೂರೈಸಲಾಯಿತು. ಸುಮಾರು ಹತ್ತು ಟನ್ ತಾಮ್ರ, ಒಂದು ಟನ್ ತವರ, ನೀಲಿಗಾಜಿನ ಗಟ್ಟಿಗಳು, ಕರಿಮರ, ದಂತ, ಈಜಿಪ್ಟಿನ ರಾಣಿ ನೆಫರ್ತಿತಿಯ ಹೆಸರುಳ್ಳ ಚಿನ್ನದ ಮುದ್ರೆ, ಹೀಗೆ ಹಲವು ನಾಡುಗಳ ಸರಕು ಒಂದೇ ಹಡಗಿನಲ್ಲಿತ್ತು.

ಆದರೆ ಅಕ್ಷರವನ್ನೇ ಕಸುಬಾಗಿಸಿಕೊಂಡವರ ಮನಸ್ಸು ನಿಲ್ಲುವುದು ಇನ್ನೊಂದು ವಸ್ತುವಿನಲ್ಲಿ. ದಂತದ ಕೀಲಿನಿಂದ ಜೋಡಿಸಿದ, ಅಂಗೈಗೆ ಹಿಡಿಸುವಷ್ಟು ಚಿಕ್ಕದಾದ ಮರದ ಎರಡು ಹಲಗೆಗಳು ಅಲ್ಲಿ ದೊರೆತವು. ಒಳಮೈಯನ್ನು ತಗ್ಗಿಸಿ ಮೇಣ ತುಂಬಿ, ಅದರ ಮೇಲೆ ಕೊರೆದು ಬರೆಯುತ್ತಿದ್ದರು. ಈ ಬಗೆಯ ಬರೆವಣಿಗೆಯ ಹಲಗೆಗಳಲ್ಲಿ ದೊರೆತಿರುವ ಅತಿ ಹಳೆಯವುಗಳ ಸಾಲಿಗೆ ಇದು ಸೇರುತ್ತದೆ. ಮೂರು ಸಾವಿರ ವರ್ಷಗಳ ಉಪ್ಪುನೀರಿನಲ್ಲಿ ಹಲಗೆ ಉಳಿಯಿತು, ಮೇಣ ಹೋಯಿತು, ಬರಹವೂ ಹೋಯಿತು. ಉದ್ದಪೇಟೆಯಲ್ಲಿ ಓದುಗನಿಲ್ಲದ ಪದ್ಯ, ಉಲುಬುರುನ್‌ನಲ್ಲಿ ಬರಹವಿಲ್ಲದ ಪುಸ್ತಕ! ಹಡಗಿನ ಅವಶೇಷಗಳು ಈಗ ಬೊದ್ರುಮ್‌ನ ಮ್ಯೂಸಿಯಂನಲ್ಲಿವೆ. ಕಾಶ್‌ನ ಕಡಲಿನಲ್ಲಿ ಆ ಹಡಗಿನ ಮಾದರಿಯೊಂದನ್ನು ಬೇಕೆಂದೇ ಮುಳುಗಿಸಿ, ಮುಳುಗುಗಾರರು ನೋಡುವಂತೆ ಮಾಡಲಾಗಿದೆ. ನಕಲನ್ನು ನೋಡಲು ಹೋಗುವುದೇ ಎಂದು ಮೂಗು ಮುರಿಯಬೇಕಾಗಿಲ್ಲ. ಉಸಿರನ್ನು ಎಣಿಸಿಕೊಂಡು, ಕಿವಿಯ ಒತ್ತಡ ತಾಳಿಕೊಂಡು ಕೆಳಗಿಳಿದವನಿಗೆ ಆ ಮುಳುಗುಗಾರರ ದುಡಿಮೆ ಎಂಥದೆಂಬುದು ಗಾಜಿನ ಪೆಟ್ಟಿಗೆಯ ಮುಂದೆ ನಿಂತವನಿಗಿಂತ ಚೆನ್ನಾಗಿ ತಿಳಿಯುತ್ತದೆ. ಸ್ಪಂಜಿನ ಕಸುಬು 1980ರ ದಶಕದಲ್ಲಿ ಬಂದ ರೋಗದಿಂದ ನೆಲಕಚ್ಚಿತು.

ನೆಲದ ಮೇಲಿನ ವಿಷಯಕ್ಕೆ ಬಂದರೆ, ಫೆತಿಯೆಯಿಂದ ಅಂತಾಲ್ಯಾದವರೆಗೆ ಐನೂರು ಕಿಲೋಮೀಟರಿಗೂ ಮಿಗಿಲಾದ ಲಿಸಿಯಾ ಚಾರಣಪಥ ಕಾಶ್ ಮೂಲಕವೇ ಹಾದುಹೋಗುತ್ತದೆ. ತುರ್ಕಿಯಲ್ಲಿ ನೆಲೆಸಿದ್ದ ಬ್ರಿಟಿಷ್ ಮಹಿಳೆ ಕೇಟ್ ಕ್ಲೋ 1999ರಲ್ಲಿ ಇದನ್ನು ಗುರುತಿಸಿ ತೆರೆದಳು. ಹೊಸ ದಾರಿ ಕಡಿಯಲಿಲ್ಲ. ಹಳೆಯ ಕಲ್ಲುಹಾಸುಗಳು, ಹೇಸರಗತ್ತೆಯ ಹಾದಿಗಳು, ಯೊರುಕ್ ಎಂಬ ಅಲೆಮಾರಿ ಪಶುಪಾಲಕರು ಬೇಸಿಗೆಯಲ್ಲಿ ಆಡುಕುರಿಗಳನ್ನು ಎತ್ತರದ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುತ್ತಿದ್ದ ಜಾಡುಗಳು, ಇವುಗಳನ್ನೇ ಜೋಡಿಸಿ ಬಂಡೆಗಳ ಮೇಲೆ ಕೆಂಪು-ಬಿಳಿ ಪಟ್ಟೆ ಬಳಿಯಲಾಯಿತು. ಮೋಟಾರು ರಸ್ತೆ ಬಂದ ಮೇಲೆ ಅವೆಲ್ಲ ಮುಳ್ಳುಪೊದೆಯಡಿ ಮುಚ್ಚಿಹೋಗುತ್ತಿದ್ದವು. ನಡೆಯುವವರಿಲ್ಲದಿದ್ದರೆ ಹಾದಿ ಸಾಯುತ್ತದೆ. ಈ ವಿಷಯದಲ್ಲಿ ಅದು ಭಾಷೆಗಿಂತ ಭಿನ್ನವಲ್ಲ. ಪ್ರವಾಸೋದ್ಯಮವನ್ನು ಒಂದೇ ಸಮನೆ ಹಳಿಯುವವರು ಈ ಪಥದ ಮಟ್ಟಿಗಾದರೂ ತುಸು ಮೆತ್ತಗಾಗಬೇಕು.

ಕಾಶ್‌ನಿಂದ ಪೂರ್ವಕ್ಕೆ ಹೊರಟವನಿಗೆ ಮೊದಲು ಸಿಗುವುದು ಲಿಮಾನಾಜಿ ಎಂಬ ಕೊಲ್ಲಿ. ದೋಣಿಯಲ್ಲಿ ಹೋದರೆ ಕೆಲವೇ ನಿಮಿಷ. ನಡೆದರೆ ಕಡಿದಾದ ಬಂಡೆಯ ಒಂದು ಇಳಿಜಾರಿನಲ್ಲಿ ಹಗ್ಗ ಹಿಡಿದು ಇಳಿಯಬೇಕು. ಬೆವರು ಹರಿದು ಕಣ್ಣು ಉರಿಯುತ್ತದೆ. ಹಾಗೆ ಬಂದವನಿಗೆ ಕೊಲ್ಲಿಯ ಮೇಲಿನ ಬಂಡೆಯಲ್ಲಿ ಕಡೆದ ಸಮಾಧಿಯ ಬಾಗಿಲು ಚಿತ್ರದಂತೆ ತೋರುವುದಿಲ್ಲ. ಈ ಬಂಡೆಯ ಗಡಸುತನ ಅವನ ಅಂಗೈಗೆ ಆಗಲೇ ಗೊತ್ತಿರುತ್ತದೆ. ಉಳಿ ಹಿಡಿದವನು ಇಲ್ಲಿ ನಿಂತದ್ದಾದರೂ ಹೇಗೆ ಎಂಬ ಪ್ರಶ್ನೆ ಮೊದಲು ಏಳುತ್ತದೆ.

ಇನ್ನು ಮೆಯಿಸ್. ಬಂದರಿನ ಎದುರಿಗೆ ಸುಮಾರು ಏಳು ಕಿಲೋಮೀಟರ್ ದೂರದಲ್ಲಿ ಕಾಣುವ ಈ ಪುಟ್ಟ ದ್ವೀಪ ಗ್ರೀಸ್ ದೇಶದ್ದು. ಗ್ರೀಕರು ಇದನ್ನು ಕಾಸ್ಟೆಲೋರಿಜೊ ಎನ್ನುತ್ತಾರೆ. ಪಾಸ್‌ಪೋರ್ಟು ತೋರಿಸಿ ಬೆಳಿಗ್ಗೆ ಹೋಗಿ, ಮೀನೂಟ ಮಾಡಿ, ಸಂಜೆ ಮರಳುವುದು ಕಾಶ್‌ಗೆ ಬಂದವರ ವಾಡಿಕೆ. ಒಂದು ಕಾಲದಲ್ಲಿ ದ್ವೀಪದವರ ಹೊಲ ತೋಟಗಳು ಈ ಎದುರು ದಡದಲ್ಲಿದ್ದವು. ಕಾಶ್‌ನಲ್ಲಿ ಗ್ರೀಕರ ಮನೆಗಳಿದ್ದವು. 1923ರ ಒಪ್ಪಂದದಂತೆ ಗ್ರೀಸ್ ಮತ್ತು ತುರ್ಕಿ ತಮ್ಮ ಪ್ರಜೆಗಳನ್ನು ಅದಲುಬದಲು ಮಾಡಿಕೊಂಡವು. ಅದಕ್ಕೆ ಅಳತೆಗೋಲಾದದ್ದು ಭಾಷೆಯಲ್ಲ, ಧರ್ಮ. ತುರ್ಕಿ ಮಾತ್ರ ಬಲ್ಲ ಕ್ರೈಸ್ತರು ಗ್ರೀಸ್‌ಗೂ ಗ್ರೀಕ್ ಮಾತಾಡುವ ಮುಸ್ಲಿಮರು ತುರ್ಕಿಗೂ ಹೋಗಬೇಕಾಯಿತು. ಕಾಶ್‌ನ ಗ್ರೀಕರೂ ಹೊರಟರು. ಬೋಗನ್‌ವಿಲ್ಲಾ ಬಳ್ಳಿ ಹಬ್ಬಿದ, ಮರದ ಉಪ್ಪರಿಗೆಯ ಅವರ ಮನೆಗಳು ಇಂದು ಅಂಗಡಿಗಳೂ ಊಟದ ಮನೆಗಳೂ ಆಗಿ ಪ್ರವಾಸಿಗರ ಕ್ಯಾಮರಾಗಳಲ್ಲಿ ಸೆರೆಯಾಗುತ್ತವೆ. ಆಗ ಇಟಲಿಯ ಕೈಯಲ್ಲಿದ್ದ ಮೆಯಿಸ್ ಈ ವಿನಿಮಯಕ್ಕೆ ಒಳಪಡಲಿಲ್ಲ. ಆದರೆ ಎದುರು ದಡ ಕೈತಪ್ಪಿದ ಮೇಲೆ ಅದರ ಬದುಕೂ ಸೊರಗಿತು. ಎರಡನೆಯ ಮಹಾಯುದ್ಧದ ಬಾಂಬು, ಬೆಂಕಿಗಳು ಉಳಿದ ಮನೆಗಳನ್ನು ನುಂಗಿದವು. ಸಾವಿರಾರು ಜನರಿದ್ದ ದ್ವೀಪದಲ್ಲಿ ಈಗ ಕೆಲವು ನೂರು ಮಂದಿ ಇದ್ದಾರೆ. ಅಲ್ಲಿಂದ ವಲಸೆ ಹೋದವರ ಸಂತತಿ ಆಸ್ಟ್ರೇಲಿಯಾದ ಪರ್ತ್, ಸಿಡ್ನಿಗಳಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿದೆ. ಮೆಯಿಸ್‌ನ ಬಂಡೆಯಲ್ಲಿಯೂ ಒಂದು ಲಿಸಿಯನ್ ಸಮಾಧಿಯಿದೆ. ಅದನ್ನು ಕಡೆದವರಿಗೆ ಈ ನೀರಿನ ಹರಹು ಗಡಿಯಾಗಿರಲಿಲ್ಲ.

ಪ್ರತಿ ಬೇಸಿಗೆಯ ಆರಂಭದಲ್ಲಿ ಮೆಯಿಸ್‌ನಿಂದ ಕಾಶ್‌ಗೆ ಈಜುಸ್ಪರ್ಧೆ ನಡೆಯುವುದು ಕೆಲ ವರ್ಷಗಳಿಂದ ರೂಢಿಗೆ ಬಂದಿದೆ. ಎರಡೂ ದಡದವರು ಸೇರಿ ಈಜುಗಾರರನ್ನು ಬೀಳ್ಕೊಡುತ್ತಾರೆ, ಬರಮಾಡಿಕೊಳ್ಳುತ್ತಾರೆ. 2015ರಲ್ಲಿ ಇದೇ ನೀರನ್ನು ಎದುರು ದಿಕ್ಕಿನಲ್ಲಿ, ರಾತ್ರಿಯ ಹೊತ್ತು, ರಬ್ಬರು ದೋಣಿಗಳಲ್ಲಿ ಸಿರಿಯಾದ ನಿರಾಶ್ರಿತರು ದಾಟಿದರು. ರಂಗಮಂದಿರದ ಮೇಲಿನ ಸಾಲಿನಲ್ಲಿ ಕುಳಿತವರಿಗೆ ಆ ಕಡಲು ಕಾಣುತ್ತದೆ. ಸೂರ್ಯ ಮುಳುಗಿ ಜನರೆಲ್ಲ ಎದ್ದು ಹೋದ ಮೇಲೆ ಮೆಯಿಸ್‌ನ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ.